ನಾಲ್ಕು ಜೋಡಿ ಎತ್ತು

ಬೆಂಗಳೂರಿನಲ್ಲಿ ಬಸ್ಸು ಹತ್ತಲಿ, ಮೆಟ್ರೋ ಹತ್ತಲಿ, ವಿಮಾನವನ್ನೇ ಹತ್ತಲಿ, ಕೆಂಪೇಗೌಡರನ್ನು ತಪ್ಪಿಸಿಕೊಂಡು ಹೋಗುವ ಹಾಗಿಲ್ಲ. ಮೂರು ನಿಲ್ದಾಣಕ್ಕೂ ಅವರದೇ ಹೆಸರು. ನಾವು ಮಾತ್ರ ಮೊದಲೆರಡನ್ನು ಎಂದೋ ಕೆಡವಿದ ಚಿತ್ರಮಂದಿರದ ನೆನಪಿನಲ್ಲಿ ಮೆಜೆಸ್ಟಿಕ್ ಎನ್ನುತ್ತೇವೆ. ಊರು ಕಟ್ಟಿದವರಿಗಿಂತ ಸಿನಿಮಾ ತೋರಿಸಿದವರ ಋಣವೇ ದೊಡ್ಡದಿರಬೇಕು.

ಆ ಸಂಕೋಚಕ್ಕೋ ಏನೋ, 2022ರ ನವೆಂಬರಿನಲ್ಲಿ ವಿಮಾನ ನಿಲ್ದಾಣದ ಬಳಿ ಗೌಡರು 108 ಅಡಿ ಎತ್ತರಕ್ಕೆ ಎದ್ದುನಿಂತರು. ಶಿಲ್ಪಿ ರಾಮ್ ಸುತಾರ್, ಗುಜರಾತಿನ ಸರ್ದಾರ್ ಪಟೇಲರ ಪ್ರತಿಮೆಯನ್ನು ರೂಪಿಸಿದವರು. ಕತ್ತಿಯೊಂದೇ 4 ಟನ್ನು. ಪ್ರತಿಮೆಗೆಂದು ನಾಡಿನ ಸಾವಿರಾರು ಊರುಗಳಿಂದ ಮಣ್ಣು ತಂದರು. ಚದರಡಿಯ ದರ ಕೇಳದೆ ಈ ಊರಿಗೆ ಮಣ್ಣು ಸಿಕ್ಕಿದ್ದು ಆಗಲೇ ಇರಬೇಕು!

ಆದರೆ ಊರು ಹುಟ್ಟಿದ್ದು ಅಲ್ಲಲ್ಲ. ಮೂವತ್ತು ಕಿಲೋಮೀಟರಿಗೂ ಈಚೆ, ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವಲ್ಲಿ. 1537ರಲ್ಲಿ ಗೌಡರು ಅಲ್ಲಿಂದ ನಾಲ್ಕು ಜೋಡಿ ಎತ್ತುಗಳಿಗೆ ನೇಗಿಲು ಹೂಡಿ ನಾಲ್ಕು ದಿಕ್ಕಿಗೆ ಬಿಟ್ಟರಂತೆ. ಅವು ನಿಂತಲ್ಲಿ ಹೆಬ್ಬಾಗಿಲು: ಹಲಸೂರು, ಯಲಹಂಕ, ಆನೇಕಲ್, ಸೊಂಡೆಕೊಪ್ಪ. ಕಥೆಯೇ ಇರಬಹುದು, ನನಗಂತೂ ಇಷ್ಟ. ಎತ್ತು ದಣಿದಲ್ಲಿಗೆ ಊರು ಮುಗಿಯಿತು. ಆಮೇಲೆ ಊರು ಬೆಳೆಸಿದವರು ದಣಿಯಲೇ ಇಲ್ಲ. ಕೆರೆ ಅಡ್ಡ ಬಂದರೂ ನಿಲ್ಲಲಿಲ್ಲ. ಗೌಡರೋ ಕೆರೆ ತೋಡಿಸಿದವರು.

ಶಿವಗಂಗೆಯ ಗಂಗಾಧರೇಶ್ವರನ ಗುಡಿಯಲ್ಲಿ ಅವರದೊಂದು ಹಳೆಯ ಲೋಹಮೂರ್ತಿ ಇದೆ, ಕೈಮುಗಿದು ನಿಂತಿದೆ. ಕುತ್ತಿಗೆ ನೋಯಿಸಿಕೊಳ್ಳದೆ ನೋಡಬಹುದು. ನನ್ನ ಮನಸ್ಸು ಅದರ ಕಡೆಗೇ. ವಿಮಾನ ನಿಲ್ದಾಣದಲ್ಲಿ ಅವರು ಮದುವೆಮನೆ ಬಾಗಿಲಲ್ಲಿ ನಿಂತ ಯಜಮಾನರ ಹಾಗೆ ಬಂದವರನ್ನೆಲ್ಲ ಎದುರುಗೊಳ್ಳಬೇಕು. ಬಂದವರಿಗೋ ಯಜಮಾನರ ಗುರುತಿಲ್ಲ. ಟ್ಯಾಕ್ಸಿ ಎಲ್ಲಿ ಎಂದು ಫೋನು ನೋಡುತ್ತಿರುತ್ತಾರೆ.

ಅಂದು ನೇಗಿಲು ಎಳೆದ ಎತ್ತುಗಳನ್ನು ಯಾರು ಕೇಳಬೇಕು? ಊರ ನಕ್ಷೆ ಬರೆದವು ಅವೇ ತಾನೆ! ಅವಕ್ಕೆ 108 ಅಡಿ ಬೇಡ, ಎತ್ತಿನಷ್ಟೇ ಎತ್ತರ ಸಾಕು. ಚಿಕ್ಕಪೇಟೆಯಲ್ಲೇ ನಿಲ್ಲಿಸೋಣವೆಂದರೆ ಸೀರೆಯ ಗಂಟು ಹೊತ್ತವರು, ತಳ್ಳುಗಾಡಿಯವರು, ಸ್ಕೂಟರಿನವರು ಸಾಲಾಗಿದ್ದಾರೆ; ಜಾಗವೆಲ್ಲಿದೆ? ಒಂದು ವೇಳೆ ಸಿಕ್ಕಿತೆನ್ನಿ, ಸಂಜೆಯೊಳಗೆ ಕೊಂಬಿಗೊಂದು ಹೆಲ್ಮೆಟ್ಟು ತೂಗುಬಿದ್ದಿರುತ್ತದೆ.