ಪೊರೆ ಮೇಷ್ಟ್ರು

ಕೋಲಾರದ ಕಡೆ ತಾಲ್ಲೂಕಿಗೊಬ್ಬರಾದರೂ ಇಂಥವರು ಇದ್ದೇ ಇರುತ್ತಾರೆ: ನಿವೃತ್ತ ಬಯಾಲಜಿ ಮೇಷ್ಟ್ರು. ಸರ್ಕಾರ ಅವರನ್ನು ಬಿಟ್ಟಿದೆ, ಅವರು ಜೀವಕೋಶದ ಪೊರೆಯನ್ನು ಬಿಟ್ಟಿಲ್ಲ.

ಮುಳಬಾಗಿಲಿನ ಮೇಷ್ಟ್ರು ಸಿಗುವುದು ಶುದ್ಧ ನೀರಿನ ಘಟಕದ ಮುಂದೆ, 20 ಲೀಟರಿನ ಕ್ಯಾನು ಹಿಡಿದು. ಕಾಯಿನ್ ಹಾಕುವ ಮುಂಚೆ ಪಾಠ. "ನಮ್ಮ ಬೋರ್‌ವೆಲ್ ನೀರಲ್ಲಿ ಫ್ಲೋರೈಡು ಐತೆ. ನೀರು ತಾನಾಗಿ ಹೋಗೋದು ಉಪ್ಪು ಕಮ್ಮಿ ಇರೋ ಕಡೆಯಿಂದ ಜಾಸ್ತಿ ಇರೋ ಕಡೆಗೆ. ಅದು ಆಸ್ಮಾಸಿಸ್. ಈ ಮಿಷಿನ್ನು ಪಂಪಿನ ಒತ್ತಡ ಕೊಟ್ಟು ಅದನ್ನ ಉಲ್ಟಾ ತಳ್ತದೆ. ನೀರು ಪೊರೆ ದಾಟ್ತದೆ, ಫ್ಲೋರೈಡು ಈ ಕಡೆನೇ ನಿಲ್ತದೆ." ಹಿಂದಿನವರು ಒತ್ತಡದ ಮಹಿಮೆ ಅರಿತು ಮೇಷ್ಟ್ರನ್ನೇ ಮುಂದಕ್ಕೆ ತಳ್ಳುತ್ತಾರೆ.

ಮಾಲೂರಿನವರ ಪ್ರಯೋಗಶಾಲೆ ಬಸ್ ಸ್ಟ್ಯಾಂಡು. ಕಿಟಕಿಯಲ್ಲಿ ಟವೆಲ್ ಎಸೆದು ಸೀಟು ಹಿಡಿದವನನ್ನು ಕಂಡರೆ, "ಆಕ್ಸಿಜನ್ ಕಣಯ್ಯಾ ಇವನು! ಬಾಗಿಲು ಕೇಳಲ್ಲ, ಪೊರೆಯೊಳಗೆ ಹಂಗೇ ನುಗ್ತಾನೆ. ಗ್ಲೂಕೋಸು ಮರ್ಯಾದಸ್ಥ, ಪ್ರೋಟೀನಿನ ಬಾಗಿಲಲ್ಲೇ ಬರೋದು." ಕಂಡಕ್ಟರ್ ಸೋಡಿಯಂ-ಪೊಟ್ಯಾಸಿಯಂ ಪಂಪು: ಮೂವರನ್ನು ಇಳಿಸಿ ಇಬ್ಬರನ್ನು ಹತ್ತಿಸುತ್ತಾನೆ, ಸುತ್ತಿಗೊಂದು ಎಟಿಪಿ ಖರ್ಚು. ಈ ಪಂಪನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೂ ವಿವರಿಸಿದ್ದು 1957ರಲ್ಲಿ, ನೊಬೆಲ್ ಬಂದದ್ದು 1997ರಲ್ಲಿ. ತಮ್ಮ ಇನ್‌ಕ್ರಿಮೆಂಟ್ ಬಾಕಿ ಬೇಗನೇ ಬಂತು ಎಂದು ಮೇಷ್ಟ್ರಿಗೆ ಸಮಾಧಾನವಾಗುವುದು ಈ ಇಸವಿ ಹೇಳುವಾಗ ಮಾತ್ರ. ಅಷ್ಟರಲ್ಲಿ ಬಸ್ಸು ಹೊರಟಿರುತ್ತದೆ.

ಮನೆಯಲ್ಲಿ ಈ ಆಟ ನಡೆಯದು. ಶ್ರೀನಿವಾಸಪುರದಲ್ಲಿ ಮಾವಿನ ಕಾಲ ಬಂದರೆ ಮನೆಮನೆಯಲ್ಲೂ ಉಪ್ಪಿನಕಾಯಿ ಸಂಭ್ರಮ. ಉಪ್ಪು ಬೆರೆಸಿಟ್ಟ ಹೋಳು ನೀರು ಬಿಡುವುದನ್ನು ಮೇಷ್ಟ್ರು ಬಗ್ಗಿ ನೋಡುತ್ತಾರೆ. "ನೋಡೇ, ಕೋಶದ ನೀರೆಲ್ಲಾ ಉಪ್ಪಿನ ಕಡೆ ಬಂತು. ಬೂಷ್ಟು ಬಂದ್ರೂ ಅದಕ್ಕೂ ಇದೇ ಗತಿ, ಒಣಗಿ ಸಾಯ್ತದೆ."

"ಗೊತ್ತು ರೀ. ನಿಮ್ಮ ಕೈ ಒದ್ದೆ ಐತೆ, ಜಾಡಿ ಮುಟ್ಟಬೇಡಿ."

ಹಾಗೆಂದು ಇವರನ್ನು ತಳ್ಳಿಹಾಕುವಂತಿಲ್ಲ. ಕೋಲಾರದ ಟೊಮ್ಯಾಟೊ ಮಂಡಿಯ ಹತ್ತಿರ ಒಬ್ಬ ರೈತ ಹಿಡಿದುಕೊಂಡ. "ಸಾರ್, ಬುಡದಲ್ಲಿ ನೀರೈತೆ, ಗಿಡ ಬಾಡ್ತಾ ಐತೆ."

"ಗೊಬ್ಬರ ಎಷ್ಟು ಸುರಿದೆ?"

"ಪಕ್ಕದ ತೋಟದವನಿಗಿಂತ ಒಂದು ಮೂಟೆ ಜಾಸ್ತಿ."

"ಗೊಬ್ಬರನೂ ಉಪ್ಪೇ ಕಣಪ್ಪ. ಮಣ್ಣಲ್ಲಿ ಉಪ್ಪು ಹೆಚ್ಚಾದ್ರೆ ಬೇರು ನೀರು ಕುಡಿಯೋದಿರಲಿ, ಇರೋದನ್ನೂ ಬಿಡ್ತದೆ. ಒಳ್ಳೆ ನೀರು ಹಾಯ್ಸಿ ಉಪ್ಪು ತೊಳಿ."

ಗಿಡ ಚೇತರಿಸಿಕೊಂಡಿತು. ರೈತ ಬುಟ್ಟಿ ತುಂಬ ಹಣ್ಣು ತಂದುಕೊಟ್ಟು ಇನ್ನೊಂದು ಅನುಮಾನ ಕೇಳಿದ: "ಮಂಡೀಲಿ ರೇಟು ಯಾಕೆ ಸಾರ್ ಹಿಂಗೆ ಏರ್ತದೆ, ಇಳೀತದೆ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಅದು ನಮ್ಮ ಸಿಲಬಸ್‌ನಲ್ಲಿಲ್ಲಪ್ಪ."