ವಿಲೋಮ ಮೈಸೆಲ್ ಮೀಮಾಂಸೆ

ಸಾಬೂನಿನ ಜಾತಿಯ ವಸ್ತುವನ್ನು ‘ಪೃಷ್ಠಸಕ್ರಿಯ ದ್ರವ್ಯ’ವೆಂದೇ ಕರೆಯತಕ್ಕದ್ದೆಂಬ ಭಾಷಣಕಾರರೊಬ್ಬರ ಸಿದ್ಧಾಂತವನ್ನು, ವಿಜಯಪುರದ ಸಿದ್ಧೇಶ್ವರ ಗುಡಿಗೆ ಕೂಗಳತೆಯಲ್ಲಿದ್ದ ಸಭಾಭವನವೊಂದರಲ್ಲಿ ಕಬ್ಬಿಣದ ಕುರ್ಚಿಗಳ ಮೇಲೆ ಮೂರು ತಾಸು ಕುಳಿತು ಆಲಿಸಿದ ನಮ್ಮೆಲ್ಲರ ಪೃಷ್ಠಗಳೂ ಆ ವೇಳೆಗೆ ಸಕ್ರಿಯವಾಗಿದ್ದುದರಿಂದ, ಖಂಡಿಸುವುದು ಯಾರಿಗೂ ಶಕ್ಯವಾಗಲಿಲ್ಲ.

ಸದರಿ ದ್ರವ್ಯದ ಅಣುವಿಗೆ ನೀರನ್ನು ಬಯಸುವ ತಲೆಯೊಂದು, ಎಣ್ಣೆಯನ್ನು ಬಯಸುವ ಬಾಲವೊಂದು. ನೀರಿನಲ್ಲಿ ಇವು ಬಾಲಗಳನ್ನು ಒಳಗಡಗಿಸಿಕೊಂಡು ಗುಂಪುಗೂಡುವುವು. ಐಸೋಆಕ್ಟೇನಿನಂಥ ದ್ರವದಲ್ಲಾದರೋ ತಲೆಗಳೆಲ್ಲ ಒಳಮುಖವಾಗಿ, ಬಾಲಗಳೆಲ್ಲ ಹೊರಮುಖವಾಗಿ, ನಡುವೆ ಕಣ್ಣಿಗೆ ಕಾಣದ ನೀರಿನ ಹನಿಯೊಂದನ್ನು ಮುತ್ತಿ ಕುಳಿತುಕೊಳ್ಳುವುವು. (ಹನಿ ನೀರಿಗೆ ಇಷ್ಟು ತಲೆಗಳು ಮುತ್ತುವುದು ನಮ್ಮ ಜಿಲ್ಲೆಯವರಿಗೆ ಹೊಸತಲ್ಲ.) ಇದೇ ವಿಲೋಮ ಮೈಸೆಲ್ಲು. ವಿದ್ವದ್ಗೋಷ್ಠಿಯ ಲಕ್ಷಣವೂ ಇದೇ ಆಗಿರುವುದರಿಂದ ಪ್ರತ್ಯೇಕ ದೃಷ್ಟಾಂತವನ್ನು ಕೊಡುವುದಿಲ್ಲ.

ಇದರ ವ್ಯಾಪಾರಗಳು ನಾಲ್ಕು. ಪ್ರಥಮವು ಅನುಲೋಮ ನಿಷ್ಕರ್ಷಣ: ನೀರಿನಲ್ಲಿ ಕರಗಿದ ಪ್ರೋಟೀನಿನ ವಿದ್ಯುದಂಶವು ತಲೆಗಳದಕ್ಕೆ ವಿರುದ್ಧವಾಗುವಂತೆ ಆಮ್ಲತೆಯನ್ನು ಹದಗೊಳಿಸಿದರೆ ಅದು ಹನಿಯನ್ನು ತಾನಾಗಿ ಹೊಗುವುದು. ದ್ವಿತೀಯವು ಪ್ರತಿಲೋಮ ನಿಷ್ಕರ್ಷಣ: ಉಪ್ಪು ಹೆಚ್ಚಿದ ಹೊಸ ನೀರನ್ನು ಕೂಡಿಸಿದೊಡನೆ ಅದೇ ಪ್ರೋಟೀನು ಶುದ್ಧವಾಗಿ ಹೊರಬೀಳುವುದು. ಮಿಕ್ಕೆರಡು ಭಾಷಣಕಾರರಿಗೇ ನೆನಪಾಗಲಿಲ್ಲ, ನಾನೂ ಬಿಟ್ಟೆ.

ವಿದ್ಯೆಯ ಮೇಲೆ ನನಗೆ ಮುನಿಸಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದವರು ತಿಪ್ಪೆಗೆ ಹೋಗುವ ಅನಾನಸಿನ ಸಿಪ್ಪೆ, ದಿಂಡುಗಳಿಂದ, ಮಾಂಸವನ್ನು ಮೆದುಗೊಳಿಸಲು ಬಳಸುವ ಬ್ರೋಮೆಲೇನೆಂಬ ಕಿಣ್ವವನ್ನು ಈ ಮಾರ್ಗದಿಂದಲೇ ತೆಗೆದು 2008ರಲ್ಲಿ ಪ್ರಕಟಿಸಿದರು. ಇಷ್ಟು ಸೊಗಸಾದ ಸಂಗತಿಯನ್ನು ಇಷ್ಟು ಬೇಸರವಾಗುವಂತೆ ಹೇಳುವುದಕ್ಕೂ ಸಾಧನೆ ಬೇಕು.

ಆಗ ಹಿಂದಿನ ಸಾಲಿನಿಂದ ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರು ಎದ್ದರು. “ಸರ್, ದ್ರಾಕ್ಷಿ ಒಣಗಸೂ ಮುಂದ ನಾವು ಡಿಪ್ಪಿಂಗ್ ಆಯಿಲ್‌ನ್ಯಾಗ ಅದ್ದತೇವ್ರಿ. ಅದೂ ಇದ ಜಾತೀದೇನ್ರಿ?” ಲೀಟರು ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟು, 15 ಮಿಲಿಲೀಟರು ಈಥೈಲ್ ಓಲಿಯೇಟಿನ ಎಣ್ಣೆ ಕದಡಿ, ಗೊನೆಯನ್ನದ್ದಿ, ಸಿಪ್ಪೆಯ ಮೇಣ ಸಡಿಲಿಸಿ ನೀರನ್ನು ಬೇಗ ಹೊರಡಿಸುವ ಕೈಯದು. ಭಾಷಣಕಾರರು ಕನ್ನಡಕ ಸರಿಪಡಿಸಿಕೊಂಡು, “ಅದು ಪ್ರಬಂಧದ ವ್ಯಾಪ್ತಿಯಲ್ಲಿ ಬರುವುದಿಲ್ಲ” ಎಂದರು.

ಯಾಕೆ ಬರುವುದಿಲ್ಲ? ಆ ಸಭೆಯಲ್ಲಿ ಎಣ್ಣೆ-ನೀರುಗಳನ್ನು ಕೈಯಾರೆ ಕೂಡಿಸಿದ್ದವರು ಆ ಬೆಳೆಗಾರರೊಬ್ಬರೇ! “ಹೌದ್ರಿ, ನಿಮ್ಮದು ನೀರಿನೊಳಗಿನ ಎಣ್ಣೆ, ಇದು ಎಣ್ಣೆಯೊಳಗಿನ ನೀರು, ಒಂದೇ ಮನೆತನ” ಎಂದು ಭಾಷಣಕಾರರು ಅಂದಿದ್ದರೆ ಮುಗಿಯುತ್ತಿತ್ತು. ಬೆಳೆಗಾರರು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಹೊರಗಿನಿಂದ ಮಿರ್ಚಿಭಜಿಯ ವಾಸನೆ ಬರತೊಡಗಿತ್ತು. ಉತ್ತರವನ್ನು ಬಲ್ಲ ನಾನೂ ಬಾಯಿ ತೆರೆಯಲಿಲ್ಲ.