ಆಮೆ ಯಜಮಾನರು

ಆಮೆ ಯಜಮಾನರನ್ನು ಗುರುತಿಸುವುದು ಸುಲಭ. ಅವರ ಮನೆಯಲ್ಲಿ ಆಮೆಯನ್ನು ಹುಡುಕಲು ಅರ್ಧ ಗಂಟೆ ಬೇಕು. ಆಮೆಯ ಸಾಮಾನು ಮಾತ್ರ ಜಗಲಿ ಹತ್ತುವಾಗಲೇ ಕಾಲಿಗೆ ತೊಡರುತ್ತದೆ. ಆಮೆ ಹೇಗಿದೆ ಎಂದು ಕೇಳಿದರೆ ಮರಳಿನ ಚೀಲದ ಬೆಲೆ ಹೇಳುತ್ತಾರೆ. ಏನು ತಿನ್ನುತ್ತದೆ ಎಂದರೆ ಡಬ್ಬಿ ತಂದು ಅದರ ಬೆನ್ನಿಗೆ ಅಚ್ಚಾಗಿರುವುದನ್ನು ಓದುತ್ತಾರೆ. ಇದೇ ಮನುಷ್ಯರು ಒಂದು ಕಾಲಕ್ಕೆ ಪಾಮರೇನಿಯನ್ ಸಾಕಿದವರು, ಆಮೇಲೆ ಗಾಜಿನ ತೊಟ್ಟಿಯಲ್ಲಿ ಮೀನು ಇಟ್ಟವರು, ಮೀನು ತೇಲಿದ ಮೇಲೆ ಅದೇ ತೊಟ್ಟಿಗೆ ಆಮೆ ತಂದವರು. ಇಂಥವರನ್ನು ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ನಿಲ್ಲಿಸಿ ನೋಡುವುದು ಎರಡು ಕಾರಣಕ್ಕೆ ಅನುಕೂಲ. ಕೈಟಭೇಶ್ವರ ದೇವಾಲಯ ನೋಡಲು ಪರವೂರಿನವರು ಬರುತ್ತಿರುತ್ತಾರೆ, ಹಾಗಾಗಿ ಯಜಮಾನರಿಗೆ ಪ್ರೇಕ್ಷಕರ ಕೊರತೆಯಿಲ್ಲ; ಅಲ್ಲಿನ ಕಂಬ ನೋಡಿ ಸುಸ್ತಾದವರನ್ನು ನೆರಳಿಗೆ ಕರೆದು ಆಮೆ ತೋರಿಸಬಹುದು. ಇನ್ನೊಂದು, ಪೇಟೆಯವರು ದುಡ್ಡು ಕೊಟ್ಟು ತರಿಸುವ ಹಾಸಿನ ಸಾಮಗ್ರಿಯೆಲ್ಲ ಈ ಸೀಮೆಯಲ್ಲಿ ರಸ್ತೆಯ ಪಕ್ಕಕ್ಕೇ ರಾಶಿ ಬಿದ್ದಿರುತ್ತದೆ. ನನ್ನ ವಾದ ಇಷ್ಟೇ: ಯಜಮಾನರು ಸಾಮಾನು ಆರಿಸುವಾಗ ನೋಡುವವರ ಕಣ್ಣಿನಿಂದ ಆರಿಸುತ್ತಾರೆ, ತಿನ್ನುವವರ ಬಾಯಿಂದ ಆರಿಸುವುದಿಲ್ಲ. ಆಮೆಗೆ ನೆಲವೇ ಊಟದ ಎಲೆ. ಅಲ್ಲಿ ಹಾಸಿದ್ದೆಲ್ಲ ಇವತ್ತಲ್ಲ ನಾಳೆ ಹೊಟ್ಟೆಗೆ ಹೋಗುತ್ತದೆ.

ಮೊದಲು ಆಮೆ ಯಾವುದು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಬೇಕು, ಏಕೆಂದರೆ ಯಜಮಾನರು ಇದೊಂದು ವಿಷಯದಲ್ಲಿ ಮಾತು ತೇಲಿಸುತ್ತಾರೆ. ಬೆನ್ನ ಮೇಲೆ ಹಳದಿ ಗೆರೆಗಳ ನಕ್ಷತ್ರ ಹೊತ್ತ ನಮ್ಮ ನಕ್ಷತ್ರ ಆಮೆಯನ್ನು ಮನೆಯಲ್ಲಿಡುವಂತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಅದನ್ನು ಒಂದನೆಯ ಅನುಸೂಚಿಗೆ ಏರಿಸಿದೆ. ಅಂತಾರಾಷ್ಟ್ರೀಯ ವ್ಯಾಪಾರವನ್ನು 2019ರಲ್ಲೇ ಸೈಟಿಸ್ ಒಪ್ಪಂದ ನಿಷೇಧಿಸಿದೆ. ಕಳ್ಳಸಾಗಣೆಯಲ್ಲಿ ಸಿಂಗಪುರ ಸೇರಿದ್ದ 51 ನಕ್ಷತ್ರ ಆಮೆಗಳು 2018ರ ನವೆಂಬರಿನಲ್ಲಿ ವಿಮಾನ ಹತ್ತಿ ಬೆಂಗಳೂರಿಗೆ ವಾಪಸು ಬಂದವು. ನಮ್ಮ ಎಷ್ಟೋ ಜನರಿಗೆ ಸಿಗದ ಸಿಂಗಪುರ ಪ್ರವಾಸ ಅವಕ್ಕೆ ಬೇಡದೆಯೇ ಸಿಕ್ಕಿತ್ತು. ನಕ್ಷತ್ರ ಆಮೆ ಮನೆಯಲ್ಲಿದ್ದರೆ ಲಕ್ಷ್ಮಿ ಬರುತ್ತಾಳೆ ಎಂದು ನಂಬುವವರುಂಟು. ಲಕ್ಷ್ಮಿಯ ವಿಷಯ ಗೊತ್ತಿಲ್ಲ, ಅರಣ್ಯ ಇಲಾಖೆಯ ಜೀಪು ಬರುವುದಂತೂ ಖಂಡಿತ. ಊರ ಕೆರೆಯ ಆಮೆಯನ್ನು ಹಿಡಿದು ತೊಟ್ಟಿಗೆ ಬಿಟ್ಟರೂ ಅಪರಾಧವೇ. ಆದ್ದರಿಂದ ನಮ್ಮ ಯಜಮಾನರು ಕಾನೂನಿಗೆ ಹೆದರುವ ಸಭ್ಯರೆಂದೇ ಇಟ್ಟುಕೊಳ್ಳೋಣ: ಅವರಲ್ಲಿರುವುದು ಆಫ್ರಿಕಾದ ಸುಲ್ಕಾಟಾ, 2024ರ ನಿಯಮದಂತೆ ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ನೋಂದಣಿಯಾದದ್ದು. ಅಂಗೈ ಅಗಲದ ಈ ಮರಿ ದೊಡ್ಡದಾದಾಗ 45 ಕೆಜಿ ದಾಟಬಹುದು ಎಂಬುದನ್ನು ಮಾರಿದವರು ಹೇಳಿಲ್ಲ, ಕೊಂಡವರು ಕೇಳಿಲ್ಲ.

ಯಜಮಾನರ ಮೊದಲ ಖರೀದಿ ಮರಳು. ಚೀಲದ ಮೇಲೆ ಮರುಭೂಮಿಯ ಚಿತ್ರವಿದೆ, ಸುಲ್ಕಾಟಾ ಸಹಾರಾದ ಅಂಚಿನ ಪ್ರಾಣಿ, ಲೆಕ್ಕ ಸರಿಯಾಯಿತು. ಅದರಲ್ಲೂ ಕ್ಯಾಲ್ಸಿಯಂ ಮರಳು ಎಂಬುದೊಂದುಂಟು. ತಿಂದರೂ ಕರಗುತ್ತದೆ, ಎಲುಬಿಗೂ ಒಳ್ಳೆಯದು ಎಂದು ಮಾರುತ್ತಾರೆ. ಹಾಸಿಗೆಯೂ ಆಯಿತು, ಔಷಧವೂ ಆಯಿತು ಎಂದು ಯಜಮಾನರು ಬೀಗುತ್ತಾರೆ. ಸಾಕಿದ ಸರೀಸೃಪಗಳಿಗೆ ಚಿಕಿತ್ಸೆ ಕೊಡುವ ವೈದ್ಯರ ಅನುಭವ ಬೇರೆ. ಒದ್ದೆ ಸೊಪ್ಪಿಗೆ ಅಂಟಿ ಒಳಹೋದ ಮರಳು ಕರುಳಿನಲ್ಲಿ ಗಟ್ಟಿಯಾಗಿ ಕೂತು ದಾರಿ ಕಟ್ಟುತ್ತದೆ. ರುಚಿ ಹತ್ತಿದರೆ ಪ್ರಾಣಿ ಅದನ್ನು ಬೇಕೆಂದೇ ತಿನ್ನುತ್ತದೆ. ಹಾಗಾದರೆ ಮರುಭೂಮಿಯ ಪ್ರಾಣಿಗೆ ಮರಳು ಬೇಡವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಸುಲ್ಕಾಟಾ ಅಲ್ಲಿಯೂ ಮರಳಿನ ಮೇಲೆ ಬಿಸಿಲು ಕಾಯುತ್ತ ದಿನ ಕಳೆಯುವುದಿಲ್ಲ. ಬಿರುಬೇಸಿಗೆಯಲ್ಲಿ ಬಿಲ ತೋಡಿ ಒಳಗೆ ಸೇರುತ್ತದೆ, ಬಿಲದೊಳಗೆ ತಂಪೂ ಇದೆ ತೇವವೂ ಇದೆ. ಚೀಲದ ಚಿತ್ರಕಾರ ಬಿಲದೊಳಗೆ ಇಳಿದಿರಲಿಲ್ಲ, ಅಷ್ಟೆ. ಆಸ್ಟ್ರಿಯಾದ ಇಬ್ಬರು ಸಂಶೋಧಕರು, ವೀಸ್ನರ್ ಮತ್ತು ಇಬೆನ್, 50 ಸುಲ್ಕಾಟಾ ಮರಿಗಳನ್ನು ಬೇರೆ ಬೇರೆ ತೇವದಲ್ಲಿ, ಬೇರೆ ಬೇರೆ ಪ್ರೋಟೀನಿನ ಆಹಾರದಲ್ಲಿ ಬೆಳೆಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಣ ಗಾಳಿಯಲ್ಲಿ ಬೆಳೆದ ಮರಿಗಳ ಚಿಪ್ಪು ಗೋಪುರ ಗೋಪುರವಾಗಿ ಉಬ್ಬಿತು, ತೇವದಲ್ಲಿ ಬೆಳೆದವುಗಳದ್ದು ಅಷ್ಟು ಉಬ್ಬಲಿಲ್ಲ. ಆಹಾರದ ಪ್ರೋಟೀನಿನ ಪಾತ್ರ ಅಲ್ಪ. ಅಂದರೆ ಒಣ ಮರಳಿನ ಹಾಸು ಹೊಟ್ಟೆಗೂ ಕೇಡು, ಬೆನ್ನಿಗೂ ಕೇಡು. ಉಬ್ಬಿದ ಚಿಪ್ಪನ್ನು ತೋರಿಸಿ ಯಜಮಾನರು "ನೋಡ್ರೀ, ಎಂಥಾ ಡಿಸೈನು" ಎನ್ನುವುದು ಬೇರೆ ಮಾತು.

ಮರಳು ಕೈಕೊಟ್ಟ ಮೇಲೆ ಯಜಮಾನರು ಮತಾಂತರ ಹೊಂದುತ್ತಾರೆ. ನಿನ್ನೆಯವರೆಗೆ ಇಂಪೋರ್ಟೆಡ್ ಎಂಬ ಮಾತಿಲ್ಲದೆ ವಾಕ್ಯ ಮುಗಿಸದವರು ಇವತ್ತಿನಿಂದ ನಾಟಿ, ನಾಟಿ ಎನ್ನತೊಡಗುತ್ತಾರೆ. ಪ್ರಕೃತಿಯಲ್ಲಿ ಸಿಕ್ಕಿದ್ದೆಲ್ಲ ಒಳ್ಳೆಯದು, ದುಡ್ಡು ಕೊಟ್ಟು ತಂದದ್ದೆಲ್ಲ ಕೆಟ್ಟದ್ದು ಎಂಬುದು ಈಗಿನ ಸಿದ್ಧಾಂತ. ಯೋಚನೆಯ ಶ್ರಮ ಎರಡರಲ್ಲೂ ಒಂದೇ, ಅಂದರೆ ಸೊನ್ನೆ. ಸುಲಿಗೆಯ ಕಾಲ ಬಂತೆಂದರೆ ಈ ಸೀಮೆಯ ರಸ್ತೆಯ ಇಕ್ಕೆಲದಲ್ಲೂ ಅಡಿಕೆ ಸಿಪ್ಪೆ ಬಿದ್ದಿರುತ್ತದೆ. ಎರಡು ಬುಟ್ಟಿ ತಂದು ಸುರಿದರಾಯಿತು. ಆ ಸಿಪ್ಪೆ ಬೇಗ ಕರಗುವ ಜಾತಿಯದಲ್ಲ, ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ, ನಾರು ಬಾಯಿಗೂ ಉಗುರಿಗೂ ಸುತ್ತಿಕೊಳ್ಳುತ್ತದೆ. ಮಿಲ್ಲಿನಿಂದ ತಂದ ಭತ್ತದ ಹೊಟ್ಟು ಹಗುರ, ದೂಳು ಹೆಚ್ಚು, ನೀರು ಹಿಡಿಯುವುದಿಲ್ಲ. ಅದೇ ದೂಳು ಆಮೆಯ ಕಣ್ಣು ಮೂಗಿಗೆ ಹೋಗುತ್ತದೆ. ಸಾಮಿಲ್ಲಿನ ಹುಡಿ ಯಾವ ಮರದ್ದೆಂದು ಸಾಮಿಲ್ಲಿನವರಿಗೇ ನೆನಪಿರುವುದಿಲ್ಲ. ಘಮಘಮ ಎನ್ನುವ ಮರವಾದರೆ ಆ ಘಾಟೇ ಶ್ವಾಸಕ್ಕೆ ಪೀಡೆ, ದೇವದಾರು ಪೈನುಗಳ ಹುಡಿಯನ್ನು ಹಾಸಿಗೆಗೆ ಬೇಡವೆನ್ನುವುದು ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಹುಲ್ಲು ಹಾಸಿದರೆ ಮೂರನೆಯ ದಿನಕ್ಕೆ ಮುಗ್ಗಲು ವಾಸನೆ. ಇನ್ನು ಉಳಿದದ್ದು ತೋಟದ ಮಣ್ಣು. ಕಪ್ಪಗೆ, ಹಸಿಯಾಗಿ, ಎರೆಹುಳ ಸಮೇತ ಇರುವ ಆ ಮಣ್ಣನ್ನು ನೋಡಿದರೆ ಯಾರಿಗಾದರೂ ಆಸೆಯಾಗಬೇಕು.

ಆದರೆ ಅಡಿಕೆ ತೋಟದ ಮಣ್ಣಿಗೆ ಒಂದು ಚರಿತ್ರೆಯಿದೆ. ಕೊಳೆರೋಗಕ್ಕೆ ಹೆದರಿ ಮಳೆ ಹಿಡಿಯುವ ಮುಂಚೆ ಒಮ್ಮೆ, ಮತ್ತೆ 40–45 ದಿನ ಬಿಟ್ಟು ಇನ್ನೊಮ್ಮೆ, ಗೊನೆಗಳಿಗೆ ಬೋರ್ಡೋ ಹೊಡೆಯುತ್ತಾರೆ. ಶೇ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಗೊನೆಗೆ ಹೊಡೆದದ್ದು ಗೊನೆಯಲ್ಲೇ ನಿಲ್ಲುವುದಿಲ್ಲ. ಹನಿ ಹನಿಯಾಗಿ ಕೆಳಗಿನ ಹುಲ್ಲಿಗೂ ಎಲೆಗೂ ಇಳಿಯುತ್ತದೆ, ಮಳೆ ಬಂದಾಗ ಮಣ್ಣಿಗೆ ಸೇರುತ್ತದೆ. ಮೈಲುತುತ್ತದ ತಾಮ್ರ ಕೊಳೆತು ಹೋಗುವ ವಸ್ತುವಲ್ಲ, ವರ್ಷ ವರ್ಷವೂ ಮೇಲ್ಮಣ್ಣಿನಲ್ಲಿ ಕೂಡುತ್ತ ಹೋಗುತ್ತದೆ. ತಲೆಮಾರುಗಳಿಂದ ಔಷಧಿ ಕಂಡ ತೋಟದಿಂದ ಮಣ್ಣು ತಂದು, ನೆಲ ಮೂಸಿ ನೆಲ ನೆಕ್ಕುವ ಪ್ರಾಣಿಯ ಕೆಳಗೆ ಹರಡುವುದಕ್ಕೆ ನಾಟಿ ಪದ್ಧತಿ ಎಂಬ ಹೆಸರು ಒಪ್ಪುವುದಿಲ್ಲ. ಗದ್ದೆಯ ಬದುವಿನದಾದರೂ ಸರಿ, ಕಳೆನಾಶಕ ಹೊಡೆದಿದ್ದರೇ ಎಂದು ಕೇಳಿಯೇ ತರಬೇಕು. ಇಲ್ಲಿ ನಾನು ತೋಟದವರನ್ನು ದೂರುತ್ತಿಲ್ಲ. ಬೋರ್ಡೋ ಹೊಡೆಯದಿದ್ದರೆ ಗೊನೆ ಉದುರುತ್ತದೆ, ಗೊನೆ ಉದುರಿದರೆ ಆಮೆ ಸಾಕುವ ಶೋಕಿಯೂ ಉದುರುತ್ತದೆ.

ಹಾಗಾದರೆ ಏನು ಹಾಸಬೇಕು? ಉತ್ತರ ತೀರಾ ನೀರಸ. ಯಜಮಾನರಿಗೆ ಹಿಡಿಸದಿರುವುದು ಅದಕ್ಕೇ. ಔಷಧಿ ಗೊಬ್ಬರ ಸೋಕದ ಜಾಗದ ಸಾದಾ ಮಣ್ಣು, ಅದಕ್ಕೆ ಎರಡು ಮೂರು ಸಲ ತೊಳೆದ ಕೋಕೋಪೀಟ್. ತೊಳೆಯುವುದು ಏಕೆಂದರೆ ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನಂಶ ಉಳಿದಿರುತ್ತದೆ. ಮರಿ ಮೈ ಹುದುಗಿಸಿ ಮಲಗುವಷ್ಟು ದಪ್ಪ ಇರಬೇಕು, ಕೆಳಪದರ ಹಸಿಯಾಗಿ ಮೇಲ್ಪದರ ಒಣಗಿದಂತಿರಬೇಕು. ಸೊಪ್ಪನ್ನು ಮಾತ್ರ ಒಂದು ಚಪ್ಪಡಿ ಕಲ್ಲಿನ ಮೇಲೆ ಹಾಕಿದರೆ ಮಣ್ಣು ಬಾಯಿಗೆ ಹೋಗುವುದು ಕಡಿಮೆಯಾಗುತ್ತದೆ. ಜೂನ್ ಬಂತೆಂದರೆ ಕುಬಟೂರಿನ ಸಮಸ್ಯೆಯೇ ತಿರುಗಿ ನಿಲ್ಲುತ್ತದೆ: ಆಗ ತೇವ ಕೊಡುವ ಯೋಚನೆ ಬೇಡ, ಶೀತ ತಡೆಯುವ ಯೋಚನೆ ಬೇಕು. ಬೆಚ್ಚನೆಯ ತೇವ ಚಿಪ್ಪಿಗೆ ಹಿತ; ತಣ್ಣನೆಯ ಕೆಸರು ಶ್ವಾಸಕೋಶಕ್ಕೆ ರೋಗ, ಚಿಪ್ಪಿಗೆ ಕೊಳೆ. ಯಾವ ಚೀಲದ ಮೇಲೂ ಕುಬಟೂರಿನ ಆಷಾಢಕ್ಕೆ ಸೂಚನೆ ಬರೆದಿರುವುದಿಲ್ಲ.

ಖನಿಜದ ಡಬ್ಬಿಗಳದು ಇನ್ನೊಂದು ಪ್ರಹಸನ. ಎಲುಬು, ಚಿಪ್ಪು ಎಂದಾಕ್ಷಣ ಯಜಮಾನರ ಬಾಯಲ್ಲಿ ಕ್ಯಾಲ್ಸಿಯಂ; ಆದರೆ ಕ್ಯಾಲ್ಸಿಯಮ್ಮಿಗೆ ಒಬ್ಬ ದಾಯಾದಿ ಇದ್ದಾನೆ, ರಂಜಕ. ಆಹಾರದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಕಡೇಪಕ್ಷ ಎರಡು ಪಟ್ಟು ಇರಬೇಕು; ದಾಯಾದಿಯ ಕೈ ಮೇಲಾದರೆ ದೇಹ ಎಲುಬಿನಿಂದಲೇ ಕ್ಯಾಲ್ಸಿಯಂ ಕಿತ್ತು ಲೆಕ್ಕ ಸರಿಮಾಡುತ್ತದೆ, ಚಿಪ್ಪು ಮೆತ್ತಗಾಗುತ್ತದೆ. ಇದು ತಿಳಿಯದೆ ಯಜಮಾನರು ಡೇರಿಯಿಂದ ಹಸುವಿಗೆ ಕೊಡುವ ಖನಿಜ ಮಿಶ್ರಣ ತಂದು ಚಿಟಿಕೆ ಹಾಕುತ್ತಾರೆ. ಅದು ಹಾಲು ಹಿಂಡುವ ಹಸುವಿಗೆ ಮಾಡಿದ್ದು, ರಂಜಕ, ತಾಮ್ರ, ಸತುವು ಎಲ್ಲ ಹಸುವಿನ ಅಳತೆಯಲ್ಲಿವೆ; ಯಜಮಾನರು ಆಮೆಯಿಂದ ಹಾಲು ನಿರೀಕ್ಷಿಸುತ್ತಿಲ್ಲವಲ್ಲ. ಸುಣ್ಣವೂ ಕ್ಯಾಲ್ಸಿಯಮ್ಮೇ ತಾನೆ ಎಂದು ಎಲೆಗೆ ಹಚ್ಚುವ ಸುಣ್ಣ ಸವರುವ ಮಹನೀಯರೂ ಇದ್ದಾರು. ಅದು ಬಾಯಿ ಸುಡುವ ಕ್ಷಾರ, ಕವಳ ಹಾಕುವವರಿಗೆ ಹೇಳಿಕೊಡಬೇಕಾಗಿಲ್ಲ. ಬೇಕಾದದ್ದು ಕ್ಯಾಲ್ಸಿಯಂ ಕಾರ್ಬೊನೇಟ್. ಬೇಯಿಸಿ ಒಣಗಿಸಿ ನುಣ್ಣಗೆ ಅರೆದ ಮೊಟ್ಟೆಯ ಚಿಪ್ಪಿನಲ್ಲಿ ಇರುವುದು ಅದೇ, ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರ ನೊರೆ ಎಂದು ಕೇಳಿದರೆ ಕೊಡುವ ಬಿಳಿ ಓಡಿನಲ್ಲಿ ಇರುವುದೂ ಬಹುಪಾಲು ಅದೇ. ಓಡಿನ ಒಂದು ತುಂಡು ಗೂಡಿನಲ್ಲಿದ್ದರೆ ಆಮೆ ತನಗೆ ಬೇಕೆನಿಸಿದಾಗ ಬಂದು ಕಚ್ಚುತ್ತದೆ. ಊಟಕ್ಕೆ ಗರಿಕೆ, ದಾಸವಾಳದ ಎಲೆ, ಹಿಪ್ಪುನೇರಳೆ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿ ಸಾಕು. ಪಾಲಕ್ ಮತ್ತು ಕೆಸುವಿನ ಎಲೆಯ ಆಕ್ಸಲೇಟು ಕ್ಯಾಲ್ಸಿಯಮ್ಮನ್ನು ಹಿಡಿದು ಕೂರುತ್ತದೆ, ಹಾಗಾಗಿ ಪತ್ರೊಡೆಯ ಪಾಲು ಮನೆಯವರಿಗೇ ಇರಲಿ.

ಇಷ್ಟು ಕ್ಯಾಲ್ಸಿಯಂ ಹೊಟ್ಟೆಗೆ ಹೋದರೂ ಡಿ3 ಜೀವಸತ್ವ ಇಲ್ಲದಿದ್ದರೆ ಮೈಗೆ ಹತ್ತುವುದಿಲ್ಲ. ಡಿ3 ತಯಾರಾಗಲು ಬಿಸಿಲಿನ ಅತಿನೇರಳೆ ಬಿ ಕಿರಣ ಬೇಕು, ಆ ಕಿರಣ ಗಾಜನ್ನು ದಾಟಿ ಬರುವುದು ಇಲ್ಲವೆನ್ನುವಷ್ಟು ಕಡಿಮೆ. ಯಜಮಾನರೋ ಆಮೆಯನ್ನು ಗಾಜಿನ ತೊಟ್ಟಿಯಲ್ಲಿ ಕೂರಿಸಿ, ತೊಟ್ಟಿಯನ್ನು ಕಿಟಕಿಯ ಗಾಜಿನ ಪಕ್ಕ ಇಟ್ಟು, ಎರಡು ಗಾಜಿನಾಚೆಯ ಬಿಸಿಲನ್ನು ತೋರಿಸಿ, ಕೊರತೆ ತುಂಬಲು ಡಿ3 ಹನಿ ತರಿಸುತ್ತಾರೆ. ಅಂಗಳದಲ್ಲಿ ಪುಕ್ಕಟೆ ಬಿದ್ದಿರುವ ಬಿಸಿಲಿಗೆ ಡಬ್ಬಿಯಿಲ್ಲ, ರಸೀತಿಯಿಲ್ಲ, ಅದಕ್ಕೇ ಅದರ ಮೇಲೆ ಅವರಿಗೆ ವಿಶ್ವಾಸವಿಲ್ಲ. ಸ್ವಲ್ಪ ಹೆಚ್ಚಾದರೆ ಏನು ಮಹಾ ಎನ್ನುವ ವಾದವೂ ಅವರದೇ. ಬಿಸಿಲಲ್ಲಿ ಮೈ ತನಗೆ ಬೇಕಾದಷ್ಟೇ ಡಿ3 ಮಾಡಿಕೊಳ್ಳುತ್ತದೆ, ಸಾಕಾದಾಗ ಆಮೆ ತಾನೇ ನೆರಳಿಗೆ ಸರಿಯುತ್ತದೆ. ಬಾಯಿಗೆ ಹಾಕಿದ ಹನಿಗೆ ಆ ವಿವೇಕವಿಲ್ಲ: ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡದಲ್ಲೂ ರಕ್ತನಾಳದಲ್ಲೂ ಗಟ್ಟಿಯಾಗುತ್ತದೆ. ಮೋಡ ಕವಿದ ಮಳೆಗಾಲದ ತಿಂಗಳುಗಳಿಗೆ ಯುವಿಬಿ ದೀಪ ಕೊಂಡರೆ ನನ್ನ ತಕರಾರಿಲ್ಲ. ಯಜಮಾನರ ಅಷ್ಟೂ ಖರೀದಿಗಳಲ್ಲಿ ಅದೊಂದು ದಂಡವಲ್ಲದ್ದು, ಮತ್ತು ಅವರು ಕೊಳ್ಳದೆ ಬಿಟ್ಟದ್ದು ಅದೊಂದನ್ನೇ.

ಇಷ್ಟೆಲ್ಲ ಕೇಳಿ ಊರ ಹಿರಿಯರೊಬ್ಬರು, "ಎಂತದು ಮಾರಾಯ್ರೆ, ನಮ್ಮಜ್ಜನ ಕಾಲದಲ್ಲಿ ಬಾವಿಗೆ ಆಮೆ ಬಿಡ್ತಿದ್ರು, ಅದಕ್ಕೆ ಯಾರು ಹಾಸಿಗೆ ಹಾಸಿದ್ರು, ಯಾರು ಪುಡಿ ಉಣಿಸಿದ್ರು?" ಎಂದು ಕೇಳಬಹುದು. ಬಾವಿಯ ಆಮೆ ಬೇರೆ ಜಾತಿ. ಹುಳು, ಹುಪ್ಪಟೆ, ಶಂಖದ ಹುಳ ಚಿಪ್ಪು ಸಮೇತ ತಿಂದು ತನ್ನ ಕ್ಯಾಲ್ಸಿಯಂ ತಾನೇ ಸಂಪಾದಿಸುತ್ತಿತ್ತು. ಅಲ್ಲದೆ ಸಾಯಲಿಲ್ಲ ಎನ್ನುವುದೂ ಸೌಖ್ಯವಾಗಿತ್ತು ಎನ್ನುವುದೂ ಒಂದೇ ಅಲ್ಲ. ಆಮೆಯಲ್ಲಿ ಎಲುಬಿನ ರೋಗ ತೋರಿಬರಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಅಷ್ಟರವರೆಗೆ ಅದು ಸುಮ್ಮನೆ ಕೂತಿರುತ್ತದೆ, ಆರೋಗ್ಯವಾಗಿದ್ದಾಗಲೂ ಅದು ಮಾಡುವುದು ಅದನ್ನೇ. ಪಾಪ, ಪ್ರೀತಿಯಿಂದ ದುಡ್ಡು ಸುರಿಯುವವರನ್ನು ಗೇಲಿ ಮಾಡುವುದು ತರವೇ ಎಂಬ ಇನ್ನೊಂದು ಆಕ್ಷೇಪಕ್ಕೆ ನಾನು ಅರ್ಧ ತಲೆಬಾಗುತ್ತೇನೆ. ಅವರ ಪ್ರೀತಿ ಸುಳ್ಳಲ್ಲ. ಹೆಂಡತಿ ಬೈದರೂ ಆಮೆಯ ಹೇಲು ತಾವೇ ಬಾಚುತ್ತಾರೆ. ಆದರೆ ಶಿವಮೊಗ್ಗದಲ್ಲಿ ಸರ್ಕಾರದ ಪಶುವೈದ್ಯಕೀಯ ಕಾಲೇಜು ಇರುವಾಗ ಅಲ್ಲಿಗೊಮ್ಮೆ ಆಮೆಯನ್ನು ಎತ್ತಿಕೊಂಡು ಹೋಗದಿರುವುದೇಕೆ? ಅಲ್ಲಿನ ವೈದ್ಯರು ಮರಳು ತೆಗೆಯಿರಿ, ಹನಿ ನಿಲ್ಲಿಸಿ, ಬಿಸಿಲಿಗೆ ಬಿಡಿ ಎಂದುಬಿಟ್ಟರೆ ಜಗಲಿ ಖಾಲಿಯಾಗುತ್ತದೆ, ಕೈಟಭೇಶ್ವರ ನೋಡಿ ಬಂದವರಿಗೆ ತೋರಿಸಲು ಆಮೆಯೊಂದೇ ಉಳಿಯುತ್ತದೆ.

ಇನ್ನೊಂದು ಲೆಕ್ಕವನ್ನು ಯಜಮಾನರು ಮಾಡಿಲ್ಲ. ಸರಿಯಾಗಿ ನೋಡಿಕೊಂಡರೆ ಸುಲ್ಕಾಟಾ ಅರವತ್ತು ಎಪ್ಪತ್ತು ವರ್ಷ ಬದುಕಬಲ್ಲದು. ಯಜಮಾನರಿಗೆ ಈಗಲೇ ಐವತ್ತೈದು. ನೋಂದಣಿಯಾದ ಪ್ರಾಣಿಯಾದ್ದರಿಂದ ಯಾರಿಗೆ ಹೋಯಿತೆಂದು ಸರ್ಕಾರಕ್ಕೆ ತಿಳಿಸಲೇಬೇಕು, ಹಾಗಾಗಿ ಪಾಲುಪಟ್ಟಿಯಲ್ಲಿ ತೋಟ, ಗದ್ದೆ, ಮನೆಯ ಜೊತೆಗೆ ಆಮೆಗೂ ಒಂದು ಸಾಲು ಬೇಕಾದೀತು. ದೊಡ್ಡ ಮಗ ತೋಟ ತನಗಿರಲಿ, ಆಮೆ ತಮ್ಮನಿಗಿರಲಿ ಎನ್ನುತ್ತಾನೆ. ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿರುವ ತಮ್ಮ, ಈಗ ಅದರ ತೂಕ ಎಷ್ಟಾಯಿತು ಎಂದು ವಾರಕ್ಕೊಮ್ಮೆ ಫೋನು ಮಾಡಿ ಕೇಳುತ್ತಿರುತ್ತಾನೆ.